ನಾಲ್ಕನೆಯ ಹೋಳಿಗೆಯ ಮರಣ ತನಿಖೆ

ಮೇಪಲ್ ರನ್ ಕೌಂಟಿಯ ಮರಣ ತನಿಖಾ ಕಚೇರಿಯ ಮಹಾಮಾನ್ಯ ವೆಬ್‌ಸೈಟ್‌ರವರ ಸನ್ನಿಧಿಗೆ,

ಡೆಟ್ರಾಯಿಟ್‌ನ ಹೊರವಲಯದಿಂದ ವೀರೇಶ್ ಎಂಬುವನು ಮಾಡುವ ನಮಸ್ಕಾರಗಳು. ಇಪ್ಪತ್ತನಾಲ್ಕು ಗಂಟೆಯೂ ಸೇವೆಗೆ ಸಿದ್ಧ ಎಂದು ತಾವು ಹಣೆಯ ಮೇಲೆಯೇ ಬರೆದುಕೊಂಡಿರುವುದರಿಂದ ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ಭಾವಿಸಿದ್ದೇನೆ. ನಾವಿಲ್ಲಿ ಅಷ್ಟು ಚೆನ್ನಾಗಿಲ್ಲ.

ಕಳೆದ ಹೋಳಿ ಹುಣ್ಣಿಮೆಯ ದಿನ ನನ್ನ ಅಣ್ಣ ರೇವಣಪ್ಪ, ವಯಸ್ಸು ಎಪ್ಪತ್ತಾರು, ಹೃದಯದಲ್ಲಿ ಎರಡು ಸ್ಟೆಂಟ್, ನಮ್ಮ ಮನೆಯಲ್ಲಿ ಊಟ ಮುಗಿಸಿ, ಎರಡು ಮೈಲಿ ಆಚೆಗಿನ ತನ್ನ ಮನೆಗೆ ಹೋಗಿ, ರಿಕ್ಲೈನರ್ ಕುರ್ಚಿಯಲ್ಲಿ ಒರಗಿದವನು ಮತ್ತೆ ಏಳಲಿಲ್ಲ. ಒಬ್ಬರೇ ಇದ್ದಾಗ ತೀರಿಕೊಂಡವರ ವಿಚಾರ ತಮ್ಮ ಕಚೇರಿಗೆ ಹೋಗಬೇಕೆಂದರು, ಹೋಯಿತು. ಮೂರನೆಯ ದಿನ ತಾವು ದೇಹವನ್ನು ಕೊಟ್ಟಿರಿ, ನಾವು ಮಣ್ಣು ಮಾಡಿದೆವು. ಸಾವಿನ ಕಾರಣವನ್ನು ಮಾತ್ರ ತಾವೇ ಇಟ್ಟುಕೊಂಡಿರಿ.

ಆಮೇಲೆ ತಮ್ಮ ಪ್ರಶ್ನಾವಳಿ ಬಂತು. ಅದರ ಹದಿನೇಳನೆಯ ಪ್ರಶ್ನೆ: ಸಾವಿಗೆ ಮುಂಚಿನ ಒಂದು ದಿನದಲ್ಲಿ ಮೃತರು ಬೇಡವೆಂದರೂ ಯಾರಾದರೂ ಅವರನ್ನು ಬಲವಂತಪಡಿಸಿದ್ದುಂಟೇ? ಸುಳ್ಳು ಬರೆದು ಅಭ್ಯಾಸವಿಲ್ಲದ ನನ್ನ ಹೆಂಡತಿ ನೀಲಾಂಬಿಕಾ ‘ಹೌದು’ ಎಂದು ಗುರುತು ಹಾಕಿ, ಭಾವನವರು ಮೂರು ಸಲ ಬೇಡವೆಂದರು, ನಾನು ಕೇಳಲಿಲ್ಲ, ನನ್ನಾಣೆ ಇಟ್ಟು ನಾಲ್ಕನೆಯ ಹೋಳಿಗೆ ಬಡಿಸಿದೆ, ಮೇಲೆ ತುಪ್ಪವನ್ನೂ ಹಾಕಿದೆ ಎಂದು ವಿವರವಾಗಿ ತುಂಬಿದಳು. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಹಾಗೆ ತಾವು ಅಂದೇ ತಮ್ಮ ಪುಟದ ‘ಸಾವಿನ ಬಗೆ’ ಎಂಬಲ್ಲಿ ತಾತ್ಕಾಲಿಕವಾಗಿ ಹಾಕಿದ್ದ ‘ಸಹಜ ಸಾವು’ ಎಂಬುದನ್ನು ಅಳಿಸಿ, ‘ಬಲವಂತದ ಅಂಶ ಪರಿಶೀಲನೆಯಲ್ಲಿದೆ’ ಎಂದು ಬರೆದಿರಿ. ಏಳು ತಿಂಗಳಿಂದ ಅದು ಪರಿಶೀಲನೆಯಲ್ಲೇ ಇದೆ.

ತಮ್ಮ ಜಾಗರೂಕತೆಗೆ ತಲೆಬಾಗುತ್ತಲೇ ಒಂದು ಸಣ್ಣ ವಿಷಯವನ್ನು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಕಡೆ ಮೊದಲನೆಯ ‘ಬೇಡ’ ಮರ್ಯಾದೆಗೆ, ಎರಡನೆಯದು ಡಾಕ್ಟರಿಗೆ, ಮೂರನೆಯದು ಬಡಿಸುವವಳು ಇನ್ನೊಮ್ಮೆ ಕೇಳಲಿ ಎಂಬುದಕ್ಕೆ. ಅಣ್ಣ ‘ಒಲ್ಲೆವ್ವಾ, ಸಾಕು’ ಎನ್ನುತ್ತಲೇ ತಟ್ಟೆಗೆ ಅಡ್ಡ ಹಿಡಿದ ಕೈಯನ್ನು ಒಂದು ಹೋಳಿಗೆಯಷ್ಟು ಅಗಲ ಪಕ್ಕಕ್ಕೆ ಸರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಮ್ಮ ವ್ಯಾಖ್ಯೆಯನ್ನೇ ಹಿಡಿದರೆ ನಮ್ಮ ಡೆಟ್ರಾಯಿಟ್ ಸುತ್ತಲಿನ ಕ್ಯಾಂಟನ್‌ನಿಂದ ವೆಸ್ಟ್ ಬ್ಲೂಮ್‌ಫೀಲ್ಡ್‌ವರೆಗಿನ ಅಷ್ಟೂ ಕನ್ನಡದ ಆಂಟಿಯರು ಮೂವತ್ತು ವರ್ಷಗಳಿಂದ ಈ ಅಪರಾಧವನ್ನು ಪ್ರತಿ ಭಾನುವಾರ ಎಸಗುತ್ತಿದ್ದಾರೆ, ಮತ್ತು ನಾನು ಅದರಿಂದ ಬದುಕುಳಿದವರಲ್ಲಿ ಒಬ್ಬ.

ಸಂಶಯವಿದ್ದರೆ ತಮ್ಮ ‘ಉಪಯುಕ್ತ ಮಾಹಿತಿ’ ಪುಟ ನೋಡಿ ಎಂದಿರಿ, ನೋಡಿದೆ. ಶಿಕಾಗೋ ಕಡೆಯ ಕೆಲವು ಕೌಂಟಿಗಳಲ್ಲಿ ಕರೋನರ್ ಎಂಬ ಮರಣ ತನಿಖಾಧಿಕಾರಿಯನ್ನು ವೋಟು ಹಾಕಿ ಆರಿಸುತ್ತಾರೆಂದು ತಿಳಿಯಿತು. ಅಣ್ಣ ಇಂಗ್ಲೆಂಡಿನಲ್ಲಿ ಸತ್ತಿದ್ದರೆ ಇನ್‌ಕ್ವೆಸ್ಟ್ ಎಂಬ ವಿಚಾರಣೆಯಲ್ಲಿ ನಾನೇ ಎದ್ದುನಿಂತು ಪ್ರಶ್ನೆ ಕೇಳಬಹುದಿತ್ತೆಂದೂ ತಿಳಿಯಿತು. ಅಣ್ಣನಿಗೆ ಇದು ಮೊದಲೇ ಗೊತ್ತಿರಲಿಲ್ಲ. ಯಾವುದೋ ದೇಶದ ದೋಣಿ ದುರಂತದ ಎಂಟುನೂರು ಪುಟದ ಸಾರ್ವಜನಿಕ ವಿಚಾರಣಾ ವರದಿಯನ್ನೂ ಓದಿದೆ, ಅದರಲ್ಲಿ ಹೋಳಿಗೆಯ ಪ್ರಸ್ತಾಪ ಎಲ್ಲಿಯೂ ಇಲ್ಲ. ಕೊನೆಯ ಲಿಂಕ್ ಒತ್ತಿದರೆ ತಾವೇ ಮತ್ತೆ ಪ್ರತ್ಯಕ್ಷರಾಗಿ, ನನ್ನ ದುಃಖದಲ್ಲಿ ಭಾಗಿ ಎಂದು ತಿಳಿಸಿ, ಈ ಅನುಭವಕ್ಕೆ ಎಷ್ಟು ಸ್ಟಾರ್ ಕೊಡುವಿರಿ ಎಂದು ಕೇಳಿದಿರಿ. ಐದೂ ಕೊಟ್ಟಿದ್ದೇನೆ.

ಆದಕಾರಣ ನನ್ನ ಬೇಡಿಕೆಗಳನ್ನು ಮನ್ನಿಸಬೇಕು. ಸಾವಿನ ಬಗೆ ಎಂಬಲ್ಲಿ ಸಹಜ, ಅಪಘಾತ, ಕೊಲೆ ಮುಂತಾದವುಗಳ ಜೊತೆಗೆ ‘ಉಪಚಾರ’ ಎಂಬುದನ್ನೂ ಸೇರಿಸಬೇಕು. ಅಣ್ಣನ ಕೈ ತಾನಾಗಿ ಸರಿಯಿತೋ ಆಣೆಯ ಭಯಕ್ಕೆ ಸರಿಯಿತೋ ಎಂಬುದನ್ನು ತೀರ್ಮಾನಿಸಲು ಮೂವರು ನ್ಯಾಯಾಧೀಶರನ್ನು ನೇಮಿಸಬೇಕು. ಅವರು ಹಸಿದು ಬರಬೇಕು, ಮತ್ತು ಹಿಂದಿನ ದಿನದಿಂದ ‘ಬೇಡ’ ಎನ್ನುವುದನ್ನು ಅಭ್ಯಾಸ ಮಾಡಿರಬೇಕು.

ಇಷ್ಟೂ ತಮಾಷೆ ನನ್ನದು, ಅವಳದ್ದಲ್ಲ. ನೀಲಾಂಬಿಕಾ ದಿನಾ ಬೆಳಿಗ್ಗೆ ಚಹಾಕ್ಕೆ ನೀರಿಡುವ ಮೊದಲು ತಮ್ಮ ಪುಟವನ್ನು ತೆರೆದು ನೋಡುತ್ತಾಳೆ. ಅಣ್ಣನ ಹೃದ್ರೋಗದ ಡಾಕ್ಟರು ಫೋನ್ ಮಾಡಿ, ಅದು ಹೃದಯದ ಕೆಲಸ, ಹೋಳಿಗೆಯದ್ದಲ್ಲ ಎಂದು ಬಿಡಿಸಿ ಹೇಳಿದರು. ನಾನೂ ನೂರು ಸಲ ಹೇಳಿದೆ. ‘ನೀವೆಲ್ಲಾ ನನ್ನ ಮಾರಿ ನೋಡಿ ಹೇಳತೀರಿ. ನನ್ನ ಮಾರಿ ನೋಡದವರು ಹೇಳಲಿ’ ಎನ್ನುತ್ತಾಳೆ. ಅವಳ ಮುಖವನ್ನು ನೋಡದಿರುವವರು ಈ ಭೂಮಿಯ ಮೇಲೆ ತಾವೊಬ್ಬರೇ ಆಗಿರುವುದರಿಂದ, ಅಣ್ಣನ ಸಾವು ಅವಳ ಕೈಯಿಂದ ಆದದ್ದಲ್ಲ ಎಂಬ ಒಂದು ಸಾಲನ್ನು ತಾವೇ ಬರೆಯಬೇಕಾಗಿದೆ. ಅದಕ್ಕಾಗಿ ಕೈಮುಗಿಯುತ್ತೇನೆ.

ಹದಿನೈದು ನಿಮಿಷಕ್ಕೊಮ್ಮೆ ತಮ್ಮಿಂದ ಹೊರದೂಡಲ್ಪಟ್ಟು, ಪಾಸ್‌ವರ್ಡ್ ಬದಲಿಸಿ ಮತ್ತೆ ಮತ್ತೆ ಒಳಬರುವ,
ತಮ್ಮ ವಿಶ್ವಾಸಿ,
ವೀರೇಶ್

ತಾ.ಕ.: ತಮ್ಮ ಪರಿಶೀಲನೆಯಿಂದ ನಮ್ಮ ಮನೆಯಲ್ಲಿ ಬಲವಂತ ಸಂಪೂರ್ಣ ನಿಂತಿದೆಯೆಂದು ವರದಿ ಮಾಡಲು ಸಂತೋಷಪಡುತ್ತೇನೆ. ಮೊನ್ನೆ ಮಗಳು ಮೇಧಾ ಆನ್ ಆರ್ಬರ್‌ನಿಂದ ಊಟಕ್ಕೆ ಬಂದಿದ್ದಳು. ಎರಡನೆಯ ರೊಟ್ಟಿಗೆ ಒಂದು ಸಲ ಸಾಕಮ್ಮಾ ಎಂದಳು. ಅವಳಮ್ಮ ಸರಿ ಎಂದು ರೊಟ್ಟಿಯ ಬುಟ್ಟಿಯನ್ನು ಒಳಗೆ ಒಯ್ದಳು. ಮಗಳು ತಟ್ಟೆಗೆ ಕೈ ಅಡ್ಡ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕಾದಳು, ಆಮೇಲೆ ಕೈ ತೊಳೆದು, ಅರೆಹೊಟ್ಟೆಯಲ್ಲೇ ಡ್ರೈವ್ ಮಾಡಿಕೊಂಡು ಹೋದಳು. ಇದನ್ನು ಎಷ್ಟನೆಯ ಪ್ರಶ್ನೆಯ ಕೆಳಗೆ ತುಂಬಬೇಕೆಂದು ದಯವಿಟ್ಟು ತಿಳಿಸಿ.