ಅಜ್ಜಿಯ ಗುಳಿಗೆ, ನನ್ನ ಕೋಟು

ಬಸ್ಸಿನ ಕಂಡಕ್ಟರ್ ಆದವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ; ಅದು ಟಿಕೆಟ್ಟು ಕೊಳ್ಳದೆ ತಾನೇ ಹತ್ತಿ ಕೂರುತ್ತದೆ. ಯುದ್ಧದ ಕಾಲದಲ್ಲಿ ನಾನು ಮಂಡ್ಯದಿಂದ ಮದ್ದೂರು, ಮಳವಳ್ಳಿ ಮೇಲೆ ಹಲಗೂರಿಗೆ ಹೋಗುವ ಬಸ್ಸಿನಲ್ಲಿದ್ದೆ. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸು ಇದ್ದಲ ಹೊಗೆಯಲ್ಲಿ ಓಡುತ್ತಿತ್ತು, ಏರು ಬಂದರೆ ಜನ ಇಳಿದು ತಳ್ಳುತ್ತಿದ್ದರು. ದುಡ್ಡೂ ಕೊಟ್ಟು ಬಸ್ಸನ್ನೂ ತಳ್ಳಿದ ಆ ಪುಣ್ಯಾತ್ಮರಿಗೆ ನಾನು ಇನ್ನೂ ಋಣಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಂಡಿಗೆ ಬಂದ ಇರುವೆ

ಆಗ ಆಸ್ಪತ್ರೆಯಲ್ಲಿ ಔಷಧಿ ಕೊಡುತ್ತಿದ್ದರೇ ಹೊರತು ಸೀಸೆ ಕೊಡುತ್ತಿರಲಿಲ್ಲ. ಸೀಸೆ ನಾವೇ ಒಯ್ಯಬೇಕು. ಒಂದು ಸಲ ಡಾಕ್ಟರಿಗೆ ತೋರಿಸಿ ಬಂದವರು ಮತ್ತೆ ಮತ್ತೆ ಮಂಡ್ಯಕ್ಕೆ ಯಾಕೆ ಹೋದಾರು? ಖಾಲಿ ಸೀಸೆಯನ್ನು ನನ್ನ ಕೈಗೆ ಕೊಟ್ಟು, "ತುಂಬಿಸ್ಕೊಂಡು ಬಾ ಕಣಪ್ಪ" ಅನ್ನುತ್ತಿದ್ದರು. ಬೆಳಿಗ್ಗೆ ಖಾಲಿ ಸೀಸೆ, ಸಂಜೆ ತುಂಬಿದ ಸೀಸೆ. ನನ್ನ ಸೀಟಿನ ಕೆಳಗೆ ಒಂದು ಸಣ್ಣ ಆಸ್ಪತ್ರೆಯೇ ಇರುತ್ತಿತ್ತು.

ಒಂದು ದಿನ ಹಲಗೂರಿನ ಇಬ್ಬರು ರೈತರ ಸೀಸೆ ಅದಲುಬದಲಾಯಿತು. ಒಬ್ಬನದು ಕೆಮ್ಮಿನ ಸಿಹಿ ಔಷಧಿ, ಇನ್ನೊಬ್ಬ ಯಜಮಾನರದು ಮಂಡಿನೋವಿನ ಎಣ್ಣೆ. ಕೆಮ್ಮಿನವನು ಮಾರನೆಯ ದಿನ ಬಸ್ಸಿಗೆ ಅಡ್ಡ ನಿಂತ. "ಏನ್ಲಾ ಕೊಟ್ಟಿದ್ದೀಯೆ? ಬಾಯತ್ರ ತಂದ್ರೆ ಮೂಗೇ ಉರೀತದೆ!" ಅಂತ ಉಜ್ಜುವ ಎಣ್ಣೆಯ ಸೀಸೆಯನ್ನು ಹಿಂದಕ್ಕೆ ಕೊಟ್ಟ. ಸದ್ಯ, ಕುಡಿದಿರಲಿಲ್ಲ. ನಾನು ಹೆದರುತ್ತ ಮಂಡಿನೋವಿನವರ ಮನೆಗೆ ಓಡಿದೆ. ಅವರು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು.

"ಒಳ್ಳೆ ಔಸ್ದಿ ಕಣಪ್ಪ," ಅಂದರು. "ನೋವು ಅರ್ಧಕ್ಕರ್ಧ ಓಯ್ತು. ಆದ್ರೆ ಈ ಇರುವೆ ಮಾತ್ರ ಮಂಡಿ ಬುಟ್ಟು ಓಯ್ತಾ ಇಲ್ಲ."

ಜಮೇದಾರರ ಪರೀಕ್ಷೆ

ಹಳ್ಳಿಯಲ್ಲಿ ಗಟ್ಟಿ ಸೀಸೆ ಅಂದರೆ ಬ್ರಾಂದಿ ಸೀಸೆಯೇ. ಕುಡಿದವರು ಯಾರೋ, ತೊಳೆದು ಇಟ್ಟುಕೊಂಡವರು ಯಾರೋ. ಅಂಥ ಒಂದು ಸೀಸೆ ಮದ್ದೂರಿನಲ್ಲಿ ಬಸ್ಸು ಹತ್ತಿದ ಅಬಕಾರಿ ಜಮೇದಾರರ ಕಣ್ಣಿಗೆ ಬಿತ್ತು.

"ಏನಯ್ಯಾ ಇದು?"

"ಔಷಧಿ ಸ್ವಾಮಿ."

"ಎಲ್ಲರೂ ಹಾಗೇ ಹೇಳೋದು," ಅಂದವರೇ ಬಿರಡೆ ಕಿತ್ತರು, ಮೂಸಿದರು. ಸಮಾಧಾನವಾಗಲಿಲ್ಲ. ಬೇಡ ಬೇಡ ಅಂದರೂ ಕೇಳದೆ ದೊಡ್ಡದೊಂದು ಗುಟುಕು ಎಳೆದರು.

ಅದು ಜುಲಾಬಿನ ಔಷಧಿ. ಆ ದಿನ ಮಳವಳ್ಳಿ ಸೇರುವಷ್ಟರಲ್ಲಿ ನಮ್ಮ ಬಸ್ಸು ಇದ್ದಲಿಗಾಗಿ ನಿಂತದ್ದಕ್ಕಿಂತ ಹೆಚ್ಚಾಗಿ ಜಮೇದಾರರಿಗಾಗಿ ನಿಂತಿತು.

ಜೇಬಿನೊಳಗಿನ ಗಂಟು

ಆಮೇಲಿಂದ ಜಮೇದಾರರಿಗೆ ನನ್ನ ಮೇಲೆ ಒಂದು ಕಣ್ಣು. ಇರಲಿ, ತಪ್ಪೇನಿಲ್ಲ, ಅವರ ಜಾಗದಲ್ಲಿ ನಾನಿದ್ದರೆ ಎರಡು ಕಣ್ಣೂ ಇಡುತ್ತಿದ್ದೆ.

ಒಂದು ಸಂಜೆ ಮಳವಳ್ಳಿಯಲ್ಲಿ ಬಸ್ಸು ನಿಂತಾಗ ಸೀಟಿನ ಕೆಳಗೆಲ್ಲ ತಡಕಿದರು. ಏನೂ ಸಿಗಲಿಲ್ಲ. ಕೊನೆಗೆ ಡ್ರೈವರ್ ಸೀಟಿನ ಹಿಂದೆ ಮೊಳೆಗೆ ನೇತುಹಾಕಿದ್ದ ನನ್ನ ಕೋಟಿನ ಜೇಬಿಗೆ ಕೈ ಹಾಕಿ, ಕೆಂಪು ಬಟ್ಟೆಯ ಪುಟ್ಟ ಗಂಟೊಂದನ್ನು ತೆಗೆದರು. ಬಿಚ್ಚಿದರೆ ಕಪ್ಪು ಗುಳಿಗೆಗಳು. ಮೂಸಿದವರ ಮುಖ ಅರಳಿತು. ಈ ಸಲ ರುಚಿ ನೋಡಲಿಲ್ಲ.

"ಅಫೀಮು! ಯಾರದಯ್ಯಾ?"

"ಮುತ್ತತ್ತಿರಾಯನಾಣೆ, ನನಗೆ ಗೊತ್ತಿಲ್ಲ ಸ್ವಾಮಿ."

"ಡಾಕ್ಟರು ಬರೆದುಕೊಟ್ಟಿದ್ದರೆ ಕಾಯಿಲೆಯವನು ಇಟ್ಟುಕೊಳ್ಳಬಹುದು. ನಿನಗೇನು ಕಾಯಿಲೆ?"

ಆ ಗಳಿಗೆಯವರೆಗೆ ಯಾವ ಕಾಯಿಲೆಯೂ ಇರಲಿಲ್ಲ. ಆಮೇಲೆ ಎಲ್ಲ ಕಾಯಿಲೆಯೂ ಒಟ್ಟಿಗೆ ಬಂದಂತಾಯಿತು.

ಮಾರನೆಯ ದಿನ ಮಳವಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರ ಮುಂದೆ ವಿಚಾರಣೆ ಅಂತಾಯಿತು. ಬಸ್ಸಿನ ಮಾಲೀಕರು, "ಶಿಕ್ಷೆಯಾದರೆ ನಿನಗೂ ನನ್ನ ಬಸ್ಸಿಗೂ ಋಣ ಹರಿಯಿತು" ಅಂತ ಖಡಾಖಂಡಿತ ಹೇಳಿಬಿಟ್ಟರು. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಜೈಲಿಗಿಂತ, ಕೆಲಸ ಹೋಯಿತು ಅಂತ ಮನೆಯಲ್ಲಿ ಹೇಳುವುದು ಹೇಗೆ ಅನ್ನುವುದೇ ದೊಡ್ಡ ಭಯ. ಜಾಮೀನಿಗೆ ನಿಂತವನು ನಮ್ಮ ಡ್ರೈವರು. ಸದಾ ನನ್ನೊಡನೆ ಜಗಳಾಡುತ್ತಿದ್ದವನು ಅಂದು ತಾನೇ ಮುಂದೆ ಬಂದು ರುಜು ಹಾಕಿ, ಬಸ್ಸನ್ನು ಹಲಗೂರಿಗೆ ಹೊಡೆದುಕೊಂಡು ಹೋದ. ದಾರಿಯುದ್ದಕ್ಕೂ ಸುದ್ದಿ ಹೇಳಿದ್ದಾನೆ. ನಾನು ಅದನ್ನು ಮರೆತರೆ ಮನುಷ್ಯನೇ ಅಲ್ಲ.

ಒಂದು ಗಂಟು, ಮೂವರು ವಾರಸುದಾರರು

ಬೆಳಿಗ್ಗೆ ಕಚೇರಿ ಮುಂದೆ ನೋಡುತ್ತೇನೆ, ಹಲಗೂರಿನ ಬಸ್ಸೇ ಅಲ್ಲಿಗೆ ಬಂದಂತಿದೆ. ಮಂಡಿನೋವಿನ ಯಜಮಾನರು ಎಲ್ಲರಿಗಿಂತ ಮುಂದೆ ಕುಂಟುತ್ತ ಬಂದು ಅಮಲ್ದಾರರಿಗೆ ಕೈ ಮುಗಿದರು.

"ಗುಳಿಗೆ ನಂದೇ ಬುದ್ಧಿ."

"ಏನು ಕಾಯಿಲೆಗೆ?"

"ಮಂಡಿನೋವಿಗೆ."

"ಮಂಡಿಗೆ ಗುಳಿಗೆ ಏನು ಮಾಡುತ್ತೀಯ?"

"ಉಜ್ಕೋತೀನಿ ಬುದ್ಧಿ."

ಅಷ್ಟರಲ್ಲಿ ಕೆಮ್ಮಿನವನು ನುಗ್ಗಿ, "ಅವ್ರು ಸುಳ್ಳೇಳ್ತಾವ್ರೆ ಬುದ್ಧಿ, ನಂದು!" ಅಂತ ಸಾಕ್ಷಿಗೆ ಒಂದಿಷ್ಟು ಕೆಮ್ಮಿಯೂ ತೋರಿಸಿದ. ಜಮೇದಾರರು ಮೀಸೆಯೊಳಗೇ ನಕ್ಕರು. ಅಮಲ್ದಾರರು ಮೇಜು ಕುಟ್ಟಿ, "ಸುಳ್ಳು ಸಾಕ್ಷಿಗೂ ಜೈಲಿದೆ, ಗೊತ್ತೇನ್ರಯ್ಯಾ?" ಅಂದರು.

"ಆಗ್ಲಿ ಬುದ್ಧಿ," ಅಂದರು ಯಜಮಾನರು. "ಇವ್ನು ಒಳಗೋದ್ರೆ ನಮ್ಮ ಸೀಸೆ ತರೋರ್ಯಾರು?"

ನನ್ನ ಕಣ್ಣು ತುಂಬಿ ಬಂತು. ಅವರ ಸುಳ್ಳಿನಿಂದ ನನಗೆ ಶಿಕ್ಷೆ ಇನ್ನೂ ಗಟ್ಟಿಯಾಗುತ್ತಿದೆ ಅಂತ ಗೊತ್ತಿದ್ದರೂ ಕಾಲಿಗೆ ಬೀಳೋಣ ಅನ್ನಿಸಿತು.

ಆಗಲೇ ಬಾಗಿಲಲ್ಲಿ ಒಂದು ದನಿ ಕೇಳಿತು. "ಕಂಡಕ್ಟ್ರು ಎಲ್ಲವ್ನೆ? ನನ್ನ ಮದ್ದೆಲ್ಲಿ ಲಾ? ರಾತ್ರಿಯೆಲ್ಲ ಒಟ್ಟೆ ಇಂಡ್ತು!"

ಹಲಗೂರಿನ ಅಜ್ಜಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಬಂದಳು. ಮೇಜಿನ ಮೇಲಿದ್ದ ಗಂಟು ಕಂಡದ್ದೇ ತನ್ನ ಸೀರೆಯ ಸೆರಗು ಬಿಡಿಸಿ ತೋರಿಸಿದಳು. ಕೆಂಪು ಸೆರಗಿನ ಮೂಲೆ ಹರಿದಿತ್ತು. ಗಂಟಿನ ಬಟ್ಟೆ ಅಲ್ಲಿಗೆ ಸರಿಯಾಗಿ ಕೂತಿತು. ಮಂಡ್ಯದಲ್ಲಿದ್ದ ಅವಳ ಅಳಿಯ ಆಸ್ಪತ್ರೆಯಿಂದ ಗುಳಿಗೆ ತಂದು, ಅವಳು ಗುರುತಿಗೆಂದು ಹರಿದು ಕೊಟ್ಟಿದ್ದ ಆ ಬಟ್ಟೆಯಲ್ಲಿ ಕಟ್ಟಿ, ನಾನು ಬಸ್ಸಿನ ಮೇಲೆ ಬೆಲ್ಲದ ಮೂಟೆ ಏರಿಸುತ್ತಿದ್ದಾಗ ಕೋಟಿಗೆ ಹಾಕಿ ಹೋಗಿದ್ದ. ಅಮಲ್ದಾರರು ಮಂಡ್ಯದ ಡಾಕ್ಟರಿಗೆ ತಂತಿ ಕೊಟ್ಟು ಕೇಳಿದರು. ಮಧ್ಯಾಹ್ನಕ್ಕೆ ಹೌದು ಅಂತ ಉತ್ತರವೂ ಬಂತು.

"ಅಲ್ಲಜ್ಜಿ, ನಿನ್ನ ಅಳಿಯ ಇವನ ಕೈಗೇ ಕೊಡಬಾರದಿತ್ತೆ?" ಅಂದರು ಅಮಲ್ದಾರರು.

"ನಾನೇ ಬ್ಯಾಡ ಅಂದಿದ್ದೆ ಬುದ್ಧಿ. ಉಪ್ಪು, ಮದ್ದು ಕೈಯಿಂದ ಕೈಗೆ ಕೊಟ್ರೆ ಜಗಳ ಬತ್ತದೆ."

"ಈಗ ಬಂದಿರೋದೇನು?"

"ಇದು ಕೇಸು ಬುದ್ಧಿ. ನಂಗೂ ಅವ್ನಿಗೂ ಏನಾರ ಜಗಳ ಬಂತಾ, ಕೇಳಿ."

ಅಮಲ್ದಾರರು ನಕ್ಕುಬಿಟ್ಟರು. ಗೊತ್ತಿಲ್ಲದೆ ಜೇಬಿಗೆ ಬಂದದ್ದು ಅಪರಾಧವಲ್ಲ ಅಂತ ನನ್ನನ್ನು ಬಿಟ್ಟರು. ಮಂಡಿಯವರನ್ನೂ ಕೆಮ್ಮಿನವನನ್ನೂ ಗದರಿಸಿ ಕಳಿಸಿದರು. ಗುಳಿಗೆಯನ್ನು ಅಜ್ಜಿಗೆ ಕೊಡಿ ಅಂತ ಜಮೇದಾರರಿಗೆ ಹೇಳಿದರು. ಜಮೇದಾರರು ಗಂಟು ಚಾಚಿದರು. ಅಜ್ಜಿ ಹಾವು ಕಂಡವಳ ಹಾಗೆ ಹಿಂದಕ್ಕೆ ಸರಿದಳು.

"ಕೈಗೆ ಕೊಡ್ಬ್ಯಾಡಿ ಸ್ವಾಮಿ! ನಿಮ್ಮಂತೋರ ಜೊತೆ ಜಗಳ ನಂಗ್ಯಾಕೆ? ಮೇಜಿನ್ ಮೇಲೆ ಒಂದು ಮಡಗಿ, ಈಗ್ಲೇ ನುಂಗ್ತೀನಿ. ಮಿಕ್ಕಿದ್ದು ಅವ್ನ ಕೋಟಿಗೇ ಆಕಿ. ನಾನು ಅಂಗ್ಡಿ ಬೀದಿ ನೋಡ್ಕಂಡು ಸಂಜೆ ಬಸ್ಸಿಗೆ ಬತ್ತೀನಿ."

ಜಮೇದಾರರು ಅಮಲ್ದಾರರ ಮುಖ ನೋಡಿದರು. ಅಮಲ್ದಾರರು, "ಹಾಕಿ, ಹಾಕಿ" ಅಂದರು. ಹಿಂದಿನ ಸಂಜೆ ಯಾವ ಕೈ ನನ್ನ ಜೇಬಿನಿಂದ ಗಂಟು ತೆಗೆದಿತ್ತೋ ಅದೇ ಕೈ ಅದನ್ನು ತಿರುಗಿ ಅಲ್ಲೇ ಇಟ್ಟಿತು.

ನಾನು ಜಮೇದಾರರಿಗೆ ಕೈ ಮುಗಿದು ಕೇಳಿದೆ: "ಸ್ವಾಮಿ, ದಾರಿಯಲ್ಲಿ ಯಾರಾದರೂ ಹಿಡಿದು, ಇದನ್ನು ಜೇಬಿಗೆ ಹಾಕಿದವರು ಯಾರು ಅಂದರೆ, ನಿಮ್ಮ ಹೆಸರೇ ಹೇಳಲೆ?"