ಕಾಕಾನ ಸರ್ವಋತು ಸಮುದ್ರ

ಸಮುದ್ರದ ವಿಷಯದಲ್ಲಿ ಇಡೀ ಬೆಳಗಾವಿಯಲ್ಲಿ ನಮ್ಮ ಕಾಕಾನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಇದು ನನ್ನ ಮಾತಲ್ಲ, ಅವರದೇ ಮಾತು. ಸಮುದ್ರದ ಅಭಿಪ್ರಾಯವನ್ನು ಈವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ, "ಯಾರು ಆ ಮನುಷ್ಯ? ದೂರದಲ್ಲಿ ಛತ್ರಿ ಹಿಡಿದು ನಿಂತು ನನ್ನನ್ನು ಬೈಯುತ್ತಿದ್ದರಲ್ಲ, ಅವರಾ?" ಎಂದು ಅದು ಖಂಡಿತ ಗುರುತು ಹಿಡಿಯುತ್ತಿತ್ತು.

ಆದರೂ ಅನಗೋಳದ ನಮ್ಮ ಓಣಿಯಲ್ಲಿ ಯಾರೇ ಕಾರವಾರಕ್ಕೋ ಗೋವಾಕ್ಕೋ ಹೊರಟರೆ ಹಿಂದಿನ ಸಂಜೆ ಕಾಕಾನ ಕಟ್ಟೆಗೆ ಬಂದು ಕೂರಲೇಬೇಕು.

"ನಾಳಿಗೆ ಹೊಂಟೀವ್ರಿ. ಮಳಿ ಬಂದ್ರ ಏನ್ ಮಾಡೂದ್ರಿ?"

"ಬರ್ರಿ, ಕುಂದರ್ರಿ. ಬಿಸಲಿಗೊಂದು ಪ್ಲ್ಯಾನು, ಮಳಿಗೊಂದು ಪ್ಲ್ಯಾನು, ಮೋಡಕ್ಕೊಂದು, ಗಾಳಿಗೊಂದು. ಇಷ್ಟು ಕಿಸೇದಾಗ ಇಟ್ಕೊಂಡು ಹೋದ್ರ ಸಮುದ್ರ ಏನೂ ಮಾಡಂಗಿಲ್ಲ."

ಸಮುದ್ರ ಏನಾದರೂ ಮಾಡಲಿ ಎಂದೇ ಅಲ್ಲವೇ ಜನ ಅಲ್ಲಿಗೆ ಹೋಗುವುದು? ಈ ಪ್ರಶ್ನೆ ಓಣಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಿನವರ ವಾದದಲ್ಲಿ ತೂತು ಹುಡುಕಿ ಹುಡುಕಿ, ಈಗ ಮದುವೆಯ ಊಟದಲ್ಲಿ ಕುಳಿತರೂ ಬಡಿಸುವವನ ಮಾತಿನಲ್ಲಿ ತೂತು ಕಾಣುತ್ತದೆ. ಕಾಕಾನ ನಾಲ್ಕೂ ಪ್ಲ್ಯಾನುಗಳನ್ನು ನಾನು ಅಳೆದು ತೂಗಿ ನೋಡಿದೆ. ಒಂದರಲ್ಲೂ ನೀರಿಗೆ ಇಳಿಯುವ ಮಾತಿಲ್ಲ!

ನ್ಯಾಯವಾಗಿ ಹೇಳಬೇಕೆಂದರೆ ತಪ್ಪು ಪೂರ್ತಿ ಅವರದಲ್ಲ. ಬೀಡಿ ಎಂಬ ಹಳ್ಳಿಯ ಹೊಲ ಬಿಟ್ಟು ಬಂದ ಹುಡುಗ ಬೆಳಗಾವಿಯ ಫೌಂಡ್ರಿ ಸೇರಿ, ಅಲ್ಲೇ ಮೇಲ್ವಿಚಾರಕನಾಗಿ, ಅಲ್ಲೇ ಕೂದಲು ಉದುರಿಸಿಕೊಂಡವರು. ಫೌಂಡ್ರಿಯಲ್ಲಿ ಉಸುಕನ್ನು ಅಚ್ಚಿಗೆ ಒತ್ತಿ ತುಂಬಿ, ಅದರೊಳಗೆ ಕಾದ ಕಬ್ಬಿಣ ಹೊಯ್ಯುತ್ತಾರೆ. ಉಸುಕಿನಲ್ಲಿ ಪಸೆ ಸ್ವಲ್ಪ ಹೆಚ್ಚಾದರೂ ಒಳಗೆ ಆವಿ ಎದ್ದು ಎರಕದ ತುಂಬ ತೂತು. ಗ್ರಹಚಾರ ಕೆಟ್ಟರೆ ಕಬ್ಬಿಣವೇ ಮೈಮೇಲೆ ಸಿಡಿಯುತ್ತದೆ. ಹಾಗಾಗಿ ಕಾಕಾನ ಪಾಲಿಗೆ ಜಗತ್ತಿನಲ್ಲಿ ಒಬ್ಬನೇ ವೈರಿ, ನೀರು. ಮನೆಯ ನಲ್ಲಿ ತೊಟ್ಟಿಕ್ಕಿದರೆ ಅದನ್ನು ಕಳ್ಳನನ್ನು ನೋಡುವಂತೆ ನೋಡುತ್ತಾರೆ. ಸಾರು ತೆಳ್ಳಗಾದರೆ, "ಈ ಲಾಟು ರಿಜೆಕ್ಟ್" ಎಂದು ತಟ್ಟೆ ಸರಿಸುತ್ತಾರೆ.

"ರಿಜೆಕ್ಟ್ ಅಂದ್ರ ಉಪಾಸ ಮಲಕೋರಿ," ಎನ್ನುತ್ತಾರೆ ಅವರ ಹೆಂಡತಿ, ನಮ್ಮ ಕಾಕೂ. ತಟ್ಟೆ ತಾನಾಗಿ ಹಿಂದಕ್ಕೆ ಬರುತ್ತದೆ.

ಈ ಕಾಕೂ ಖಾನಾಪುರದವರು. ಮರಾಠಿ ಓಣಿಯಲ್ಲಿ ಬೆಳೆದದ್ದರಿಂದ ಸಂಸಾರ ಕನ್ನಡದಲ್ಲಿ ಮಾಡಿ ಜಗಳ ಮರಾಠಿಯಲ್ಲಿ ಆಡುತ್ತಾರೆ. ಅವರಿಗೆ ಇದ್ದದ್ದು ಒಂದೇ ಆಸೆ: ಸಮುದ್ರದಲ್ಲಿ ಮೊಣಕಾಲಿನ ತನಕ ನಿಲ್ಲಬೇಕು. ಈಜುವುದು ಬೇಡ, ದೋಣಿ ಬೇಡ, ಸುಮ್ಮನೆ ನಿಲ್ಲಬೇಕು. ಆದರೆ ಆ ಮೊಣಕಾಲುಗಳೇ ವರ್ಷದಿಂದ ವರ್ಷಕ್ಕೆ ಕೈಕೊಡುತ್ತಿದ್ದವು. "ಕಾಲು ನನ್ನ ಮಾತು ಕೇಳೂದು ಬಿಡೂದ್ರೊಳಗ ಒಮ್ಮೆರ ಕರಕೊಂಡ ಹೋಗ್ರಿ," ಎಂದು ಅವರು ಕೇಳಿದ್ದರಿಂದಲೇ ನಮ್ಮ ಪ್ರವಾಸಗಳು ಶುರುವಾದದ್ದು. ಅಪ್ಪನ ಹಳೆಯ ಕಾರು, ಡ್ರೈವರ್ ಸೀಟಿನಲ್ಲಿ ನಾನು, ಹಿಂದೆ ಕಾಕೂ, ಪಕ್ಕದಲ್ಲಿ ಕಿಟಕಿಯಿಂದ ತಲೆ ಹೊರಹಾಕಿ ಆಕಾಶದ ತನಿಖೆ ನಡೆಸುವ ಕಾಕಾ.

ಮೊದಲ ಸಲ ಕಾರವಾರದಲ್ಲಿ ರಣಬಿಸಿಲು. ದಂಡೆಗೆ ಕಾಲಿಟ್ಟ ಕಾಕಾ ಸಮುದ್ರದ ಕಡೆ ನೋಡಲೂ ಇಲ್ಲ. ಬಗ್ಗಿ ಒಂದು ಹಿಡಿ ಉಸುಕು ತೆಗೆದುಕೊಂಡು, ಮುಷ್ಟಿಯಲ್ಲಿ ಹಿಸುಕಿ, ಉಂಡೆಯನ್ನು ಎರಡು ತುಂಡು ಮಾಡಿ ಮೂಸಿದರು.

"ನೀರು ಜಾಸ್ತಿ ಆಗೈತಿ."

"ಕಾಕಾ, ಬಾಜುಕ್ಕ ಸಮುದ್ರ ಐತ್ರಿ."

"ಅದೇನ್ ನೆವ ಆತು? ನಮ್ಮ ಶೆಡ್ಡಿನ ಬಾಜುಕ್ಕ ಬಾವಿ ಐತಿ. ಅದಕ್ಕಂತ ಉಸುಕು ತೋಯಿಸಿಕೊಂಡು ಕುಂತೀವೇನು?"

ಚರ್ಚಾಸ್ಪರ್ಧೆಯಲ್ಲಿ ಇಂಥ ವಾದಕ್ಕೆ ಉತ್ತರ ಕಲಿಸಿರುವುದಿಲ್ಲ.

ಬಿಸಿಲಿನ ಪ್ಲ್ಯಾನಿನ ಪ್ರಕಾರ ಗಾಳಿಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ, ಮೊಸರು. "ಬಿಸಲು ಇಳೀಲಿ, ಆಮ್ಯಾಲ ನೋಡೂಣು" ಎಂದು ಕಾಕಾ ಪಂಚೆ ಹಾಸಿ ಒರಗಿದರು. ಆದರೆ ನಿದ್ದೆ ಎಲ್ಲಿಂದ ಬರಬೇಕು? ಸ್ವಲ್ಪ ದೂರದಲ್ಲಿ ಹುಬ್ಬಳ್ಳಿ ಕಡೆಯ ದಂಪತಿ ಉಸುಕಿನ ಗುಡಿ ಕಟ್ಟುತ್ತಿದ್ದರು, ಅದು ಕುಸಿಯುತ್ತಿತ್ತು. ಕುಸಿಯುವ ಉಸುಕನ್ನು ನೋಡಿ ಸುಮ್ಮನಿರುವುದು ಕಾಕಾನ ಜಾತಕದಲ್ಲಿ ಬರೆದಿಲ್ಲ. ಎದ್ದು ಹೋಗಿ, "ಸರೀರಿ ಬಾಜುಕ್ಕ" ಎಂದು ಅವರ ಗುಡಿ ಕೆಡವಿ, ನಮ್ಮ ರೊಟ್ಟಿ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು, ಪದರ ಪದರವಾಗಿ ಗುದ್ದಿ ತುಂಬಿ, ಕಾಕೂನ ಸೇಫ್ಟಿ ಪಿನ್ನಿನಿಂದ ಗೋಡೆಗೆಲ್ಲ ತೂತು ಹಾಕಿ, "ಒಳಗಿನ ಗಾಳಿ ಹೊರಗ ಹೋಗಬೇಕ್ರಿ, ಇಲ್ಲಂದ್ರ ಎರಕ ಹಾಳಾಗತೈತಿ" ಎಂದು ಪಾಠ ಮಾಡುತ್ತ ಒಂದು ಗುಡಿ ಎಬ್ಬಿಸಿದರು. ಅದ್ಭುತ ಗುಡಿ! ಜನ ನೆರೆದರು. ಫೋಟೊ ತೆಗೆದರು. ಅಷ್ಟರಲ್ಲಿ ಒಂದು ಅಲೆ ಬಂದು ಗುಡಿಯನ್ನೂ ರೊಟ್ಟಿ ಡಬ್ಬಿಯ ಮುಚ್ಚಳವನ್ನೂ ತೆಗೆದುಕೊಂಡು ಹೋಯಿತು. ಹೊಸದಾಗಿ ಕೆಲಸಕ್ಕೆ ಸೇರಿ ಮೊದಲ ದಿನವೇ ಅಚ್ಚು ಕೆಡಿಸಿದವನನ್ನು ನೋಡುವ ಹಾಗೆ ಕಾಕಾ ಸಮುದ್ರವನ್ನು ನೋಡಿದರು. ಅಷ್ಟು ಹೊತ್ತಿಗೆ ಕತ್ತಲಾಗಿತ್ತು. ಕಾಕೂನ ಚಪ್ಪಲಿ ಕೂಡ ತೋಯದೆ ನಾವು ವಾಪಸ್ಸು.

ಎರಡನೆಯ ಸಲ ಮಳೆಗಾಲ. ಅನಗೋಳ ಬಿಡುವಾಗ ತುಂತುರು, ಖಾನಾಪುರ ಮುಟ್ಟುವಾಗ ವೈಪರಿನ ಎರಡೂ ಕೈ ಸೋತಿದ್ದವು. ಕಾಕೂನ ಅಕ್ಕನ ಮನೆ ಅಲ್ಲೇ. ಮಳೆಯ ಪ್ಲ್ಯಾನು ಏನು ಗೊತ್ತೇ? ಖಾನಾಪುರದಲ್ಲೇ ಇಳಿದುಬಿಡುವುದು! ಮಿರ್ಚಿ ಭಜಿ ತಿಂದು, ಛತ್ರಿ ಹಿಡಿದು, ಮಲಪ್ರಭೆಯ ಸೇತುವೆ ಹತ್ತಿರ ನಿಂತು ಕಾಕಾ ಘೋಷಿಸಿದರು:

"ಸಮುದ್ರಕ್ಕ ಯಾಕ ಹೋಗತಾರ? ನೀರು ನೋಡಾಕ. ಇಲ್ಲಿ ನೋಡು, ಇದ ನೀರು ಸಮುದ್ರಕ್ಕ ಹೊಂಟೈತಿ. ಅದನ್ನ ದಾರ್ಯಾಗ ಹಿಡದು ನೋಡಿದಂಗ ಆತು. ಪೆಟ್ರೋಲೂ ಉಳೀತು."

ನಾನು ಕಾಯುತ್ತಿದ್ದದ್ದೇ ಇಂಥ ಕ್ಷಣಕ್ಕೆ. "ಕಾಕಾ, ಮಲಪ್ರಭೆ ಹರಿಯೂದು ಮೂಡಲಕ್ರಿ. ಕೃಷ್ಣಾದಾಗ ಕೂಡಿ ಬಂಗಾಳ ಕೊಲ್ಲಿಗೆ ಹೋಗತಾಳ. ನಾವ್ ಹೊಂಟಿದ್ದು ಅರಬ್ಬಿ ಸಮುದ್ರಕ್ಕ!"

ಕಾಕಾ ಹೊಳೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಹೌದಾ? ಛಲೋ ಆತಲ್ಲ ವಕೀಲವ್ವ. ಒಂದು ಸಮುದ್ರ ನೋಡಿ ಬಂದೀವಿ, ಇವತ್ತ ಇನ್ನೊಂದೂ ಮುಗೀತು."

"ಅಗ ಬಾಯಿ!" ಎಂದರು ಕಾಕೂ. ಮುಂದಿನದೆಲ್ಲ ಮರಾಠಿ. ಅಕ್ಕ ತಂಗಿ ಇಬ್ಬರೂ ಸೇರಿ ಬೈದದ್ದರಲ್ಲಿ ನನಗೆ ಅರ್ಥವಾದದ್ದನ್ನು ಇಲ್ಲಿ ಬರೆಯಲು ಬರುವಂತಿಲ್ಲ.

ಮೂರನೆಯ ಸಲ ಕಾರವಾರದಲ್ಲಿ ಮೋಡ. ಬಿಸಿಲೂ ಅಲ್ಲ, ಮಳೆಯೂ ಅಲ್ಲ. ನೀರಿಗೆ ಇಳಿಯಲು ಇದಕ್ಕಿಂತ ಒಳ್ಳೆಯ ದಿನ ಬೇಕೆ? "ಮೋಡದ್ದು ಭರವಸಾ ಇಲ್ಲ," ಎಂದ ಕಾಕಾ ಮೀನು ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ನಾವು ಲಿಂಗಾಯತರು. ಮನೆಯಲ್ಲಿ ಮೊಟ್ಟೆ ಎಂಬ ಶಬ್ದಕ್ಕೂ ಜಾಗವಿಲ್ಲ. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಕಾಕಾ ಆ ತುದಿಯಿಂದ ಈ ತುದಿಯವರೆಗೆ ಪ್ರತಿ ಮೀನಿನ ದರ ಕೇಳಿದರು, ಚೌಕಾಸಿ ಮಾಡಿದರು, ಒಬ್ಬಾಕೆಯನ್ನು ಅರ್ಧ ದರಕ್ಕೂ ಇಳಿಸಿದರು. ಆಕೆ ತೂಕಕ್ಕೆ ಹಾಕುವಾಗ, "ಬ್ಯಾಡ್ರಿ, ನಾವ್ ತಿನ್ನಂಗಿಲ್ಲ" ಎಂದು ಕೈಮುಗಿದರು.

"ತಿನ್ನುದಿಲ್ಲ ಅಂದ್ಮೇಲೆ ರೇಟು ಯಾಕೆ ಕೇಳ್ತ್ರಿ ಮಾರಾಯ್ರೆ?"

"ತಿಳ್ಕೊಂಡಿರಬೇಕಲ್ರೀ!"

ಅಲ್ಲಿಂದ ನಾವು ಹೇಗೆ ಹೊರಬಂದೆವು ಎನ್ನುವುದಕ್ಕಿಂತ ಎಷ್ಟು ಬೇಗ ಹೊರಬಂದೆವು ಎನ್ನುವುದು ಮುಖ್ಯ. ಆ ಸಲ ಕಾಕೂ ಕಾರಿನಿಂದ ಇಳಿಯುವಾಗ ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಂತದ್ದನ್ನು ನಾನು ನೋಡಿದೆ. ಕಾಕಾನೂ ನೋಡಿದರು. ನೋಡಿ, ತಕ್ಷಣ ಆಕಾಶದ ಕಡೆ ಮುಖ ತಿರುಗಿಸಿದರು.

ಈ ಬೇಸಿಗೆಯಲ್ಲಿ ಡಾಕ್ಟರು ಹೇಳಿಬಿಟ್ಟರು: ಎರಡೂ ಮೊಣಕಾಲು ಬದಲಾಯಿಸಬೇಕು. ಆಮೇಲೆ ಓಡಾಡಬಹುದು, ಮೆಟ್ಟಿಲು ಹತ್ತಬಹುದು. ಆದರೆ ಕಾಲಡಿ ಜಾರುವ ಜಾಗದಲ್ಲಿ ನಿಲ್ಲುವ ಸಾಹಸ ಮಾತ್ರ ಬೇಡ.

ಅಂದು ಸಂಜೆ ಅನಗೋಳದ ಕಟ್ಟೆಯ ಮೇಲೆ ನಾನು ವಿಧ್ಯುಕ್ತವಾಗಿ ಚರ್ಚೆ ಏರ್ಪಡಿಸಿದೆ. ವಿಷಯ: ಆಪರೇಶನ್ನಿಗೆ ಮೊದಲು ಕಾಕೂ ಸಮುದ್ರಕ್ಕೆ ಇಳಿಯತಕ್ಕದ್ದು. ಪರ ನಾನು, ವಿರೋಧ ಕಾಕಾ, ತೀರ್ಪುಗಾರರು ಕಾಕೂ. ತೀರ್ಪುಗಾರರು ಹುಣಸೆಹಣ್ಣಿನ ಬೀಜ ತೆಗೆಯುತ್ತ ಕುಳಿತಿದ್ದರು.

"ಬಿಸಲಾಗ ಬ್ಯಾಡ ಅಂದ್ರಿ, ಮಳ್ಯಾಗ ಬ್ಯಾಡ ಅಂದ್ರಿ, ಮೋಡದಾಗೂ ಬ್ಯಾಡ ಅಂದ್ರಿ," ನಾನು ಎದ್ದು ನಿಂತು ಕೇಳಿದೆ. "ಹಂಗಾರ ಇಳಿಯಾಕ ಯಾವ ಹವಾ ಬೇಕ್ರಿ ಕಾಕಾ? ಒಂದರ ಹೆಸರು ಹೇಳ್ರಿ!"

"ಇಕಿ ನೀರಾಗ ನಿಂತ್ರ ಸಮುದ್ರಕ್ಕೇನ್ ಲಾಭ?"

"ಪ್ರಶ್ನೆಗೆ ಪ್ರಶ್ನೆ ಉತ್ತರ ಅಲ್ರಿ."

"ಗಾಳಿ ಒಂದು ಉಳದೈತಿ. ಗಾಳಿದ್ದು ನೋಡಬೇಕು."

"ಗಾಳಿ ಬ್ಯಾರೆ ಎದ್ರ ಅಲಿ ದೊಡ್ಡವಾಗತಾವ, ಬ್ಯಾಡ ಅಂತೀರಿ. ಹೌದಲ್ರಿ?"

ಕಾಕಾ ಹುಣಸೆಹಣ್ಣಿನ ತಟ್ಟೆ ತಮ್ಮ ಕಡೆ ಎಳೆದುಕೊಂಡು ತಾವೂ ಬೀಜ ತೆಗೆಯತೊಡಗಿದರು. ಅಂತೂ ನಾನು ಗೆದ್ದೆ. ಚರ್ಚಾಸ್ಪರ್ಧೆಯ ಕಪ್ ಗೆದ್ದಷ್ಟು ಸಂತೋಷವಾಗಬೇಕಿತ್ತು. ಯಾಕೋ ಆಗಲಿಲ್ಲ.

"ತೀರ್ಪು ನಾ ಹೇಳ್ತೀನಿ," ಕಾಕೂ ಕೈ ಒರೆಸಿಕೊಂಡರು. "ಐತಾರ ಹೊಂಡೂದು. ಹವಾ ಹೆಂಗರ ಇರಲಿ."

ಆ ಭಾನುವಾರ ಕಾರವಾರದ ಹವಾ ಹೇಗಿತ್ತು ಅನ್ನುತ್ತೀರಿ! ಇಳಿದಾಗ ಬಿಸಿಲು. ಬುತ್ತಿಗಂಟು ಕೆಳಗಿಡುವಷ್ಟರಲ್ಲಿ ಮೋಡ. ಅದರ ಬೆನ್ನಿಗೆ ಗಾಳಿ, ಗಾಳಿಯ ಜೊತೆ ನಾಲ್ಕು ಹನಿ, ಮತ್ತೆ ಬಿಸಿಲು. ಕಾಕಾನ ಅವಸ್ಥೆ ಕೇಳಬೇಡಿ. ಬಿಸಿಲಿನ ಪ್ಲ್ಯಾನು ಹೇಳಿ ಮುಗಿಸುವಷ್ಟರಲ್ಲಿ ಮೋಡದ್ದು ಬೇಕಾಗುತ್ತಿತ್ತು, ಮೋಡದ್ದು ಶುರುವಾದರೆ ಗಾಳಿಯದು. ಛತ್ರಿ ಬಿಚ್ಚುವುದು, ಮಡಚುವುದು, ಬಿಚ್ಚುವುದು. ನಾನು ಒಂದೊಂದನ್ನೂ ಖಂಡಿಸುತ್ತ ಹಿಂದೆ ಹಿಂದೆ. ಇಬ್ಬರ ದನಿಯೂ ಏರಿತ್ತು. ಶೇಂಗಾ ಮಾರುವವನು ಬುಟ್ಟಿ ಇಳಿಸಿ ನಮ್ಮನ್ನೇ ನೋಡುತ್ತ ನಿಂತಿದ್ದ.

"ಬೇಕಾದ್ರ ಕಾಕೂನ್ನ ಕೇಳ್ರಿ!" ಎಂದು ನಾನು ತಿರುಗಿದೆ. ಕಾಕೂ ಅಲ್ಲಿರಲಿಲ್ಲ.

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಚಾಚಿ ಸಮತೋಲ ಹಿಡಿಯುತ್ತ, ಮಗುವಿನ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ನೀರಿನ ಕಡೆ ನಡೆದಿದ್ದರು. ಮೀನಖಂಡಗಳು ಆಗಲೇ ಮುಳುಗಿದ್ದವು.

ಕಾಕಾ ಛತ್ರಿ ಬಿಸಾಕಿ ಓಡಿದರು. ಚಪ್ಪಲಿ ಬಿಡಲಿಲ್ಲ, ಪಂಚೆ ಎತ್ತಿಕೊಳ್ಳಲಿಲ್ಲ. ಇನ್ನೇನು, ರಟ್ಟೆ ಹಿಡಿದು ಎಳೆದು ತರುತ್ತಾರೆ ಎಂದುಕೊಂಡು ನಾನೂ ವಾದ ಸಿದ್ಧಮಾಡಿಕೊಂಡು ಓಡಿದೆ.

ಅವರು ಎಳೆಯಲಿಲ್ಲ. ಸೀದಾ ಕಾಕೂನನ್ನು ದಾಟಿ ಇನ್ನೂ ಎರಡು ಹೆಜ್ಜೆ ಮುಂದೆ ಹೋಗಿ, ಸಮುದ್ರಕ್ಕೆ ಬೆನ್ನು ಮಾಡಿ, ಅವರ ಎದುರು ನಿಂತು ಎರಡೂ ಮೊಣಕೈ ಹಿಡಿದುಕೊಂಡರು. ಅಲೆ ಬಂದು ಕಾಕಾನ ಬೆನ್ನಿಗೆ ಬಡಿಯಿತು. ಅವರು ಮುಗ್ಗರಿಸಿದರು, ಸಾವರಿಸಿಕೊಂಡರು, ಕೈ ಬಿಡಲಿಲ್ಲ. ಕಾಕೂನ ಹತ್ತಿರ ಬರುವಾಗ ಆ ಅಲೆಯ ಸೊಕ್ಕು ಮುರಿದು, ಬರೀ ನೊರೆ ಬಂದು ಮೊಣಕಾಲು ಮುಟ್ಟಿತು.

"ಬಿದ್ರ ಏನ್ ಮಾಡ್ತಿದ್ದಿ?" ಕಾಕಾ ಹಿಡಿತ ಇನ್ನೂ ಬಿಗಿ ಮಾಡಿದರು. "ಆ ದಿನ ಬಚ್ಚಲದಾಗ ಬಿದ್ದಾಗ ನಾ ಫೌಂಡ್ರ್ಯಾಗ ಇದ್ನಿ. ನೀ ಒಬ್ಬಾಕೀನ ಬಿದ್ದಿದ್ದಿ. ಸಂಜೀ ತನಕ ಯಾರಿಗೂ ಗೊತ್ತಾಗಲಿಲ್ಲ."

ಬಚ್ಚಲಲ್ಲಿ ಬಿದ್ದ ಸಂಗತಿ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಈಗ ಬಿದ್ರ ನಿಮ್ಮ ಮ್ಯಾಲೇ ಬೀಳ್ತೀನಲ್ರೀ, ಮುಂದ ನೀವ ನಿಂತೀರಿ," ಎಂದರು ಕಾಕೂ ತಣ್ಣಗೆ. ಆಮೇಲೆ ಕತ್ತು ಆ ಕಡೆ ಈ ಕಡೆ ವಾಲಿಸಿ, "ಜರಾ ಸರೀರಿ. ಸಮುದ್ರ ಕಾಣವಲ್ದು."

ಕಾಕಾ ಸರಿಯಲಿಲ್ಲ. ಕಾಕೂನ ಮುಖ ನೋಡುತ್ತಲೇ ಮೆಲ್ಲಗೆ ಮೊಣಕಾಲು ಮಡಚಿ, ನೀರಿನಲ್ಲಿ ಕುಳಿತರು. ಎದೆಯವರೆಗೆ ಮುಳುಗಿದರು. ಕಾಕೂ ಆಧಾರಕ್ಕೆಂದು ಆ ಬೋಳುತಲೆಯ ಮೇಲೆ ಕೈ ಊರಿದರು, ಸೊಂಟ ನೆಟ್ಟಗೆ ಮಾಡಿದರು, ಅವರ ತಲೆಯ ಮೇಲಿಂದ ದೂರದವರೆಗೆ ನೋಡುತ್ತ ನಿಂತರು.

ಬಹಳ ಹೊತ್ತು ಹಾಗೇ ನಿಂತಿದ್ದರು.