ಮುದುಕನಿಗೊಂದು ಹೆಣ್ಣು

ಎಲ್ಲ ರಾದ್ಧಾಂತಕ್ಕೂ ಕಾರಣ ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆ ಚೂರು. ಡ್ರಾಯಿಂಗ್ ಮೇಷ್ಟ್ರ ಷೆಡ್ಡಿನಲ್ಲಿ ವರ್ಷಗಳಿಂದ ಅಲ್ಲಾಡದೆ ನಿಂತಿದ್ದ, ಮಾವ ಕೊಟ್ಟ ಓಬೀರಾಯನ ಕಾಲದ ಕಾರಿಗೆ ಮೇಷ್ಟ್ರು ಪ್ರೀತಿಯಿಂದ ಇಟ್ಟ ಹೆಸರು ‘ಮುದುಕ’.

“ಇವತ್ತು ಸಂಜೆಯೊಳಗೆ ಅದು ಓಡಿದ್ರೆ ಸರಿ. ಇಲ್ಲಾಂದ್ರೆ ಗುಜರಿಗೆ. ಷೆಡ್ಡಿಗೆ ನನ್ನ ಹೊಲಿಗೆ ಮಷಿನ್ ಬರುತ್ತೆ,” ಎಂದು ಹೆಂಡತಿ ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಮೆಕ್ಯಾನಿಕ್ ಬಾನೆಟ್ಟಿನೊಳಗಿಂದ ತಲೆ ಎತ್ತಿದ. “ಸಾರ್, ಎಂಜಿನ್ ಗಟ್ಟಿಯಾಗಿದೆ. ಪೆಟ್ರೋಲ್ ಪೈಪಿನ ಜಾಯಿಂಟಲ್ಲಿ ಗಂಡು ಸರಿಯಾಗಿದೆ, ಹೆಣ್ಣು ಸವೆದುಹೋಗಿದೆ. ಒಂದು ಹೆಣ್ಣು ತಂದ್ಕೊಡಿ, ಈಗಲೇ ಓಡಿಸ್ತೀನಿ.”

ತಿರುಪಿಗೆ ಗಂಡು, ಅದು ಕೂರುವ ತೂತಿಗೆ ಹೆಣ್ಣು ಅನ್ನುವುದು ಗ್ಯಾರೇಜಿನವರ ಮಾತು. ಮೇಷ್ಟ್ರಿಗೆ ಅದು ಗೊತ್ತಿತ್ತು. ಬೀದಿಗೆ ಗೊತ್ತಿರಲಿಲ್ಲ.

ಅವರು ಗೇಟಿನ ಬಳಿ ನಿಂತು ಬಿಡಿಭಾಗದ ಅಂಗಡಿಗಳಿಗೆಲ್ಲ ಫೋನು ಮಾಡಿದರು. “ಹಲೋ, ನಮ್ಮನೆ ಮುದುಕನಿಗೆ ಅರ್ಜೆಂಟಾಗಿ ಒಂದು ಹೆಣ್ಣು ಬೇಕಿತ್ತು. ಹೊಸದೇ ಬೇಕೂಂತಿಲ್ಲ, ಹಳೇದಾದ್ರೂ ನಡೆಯುತ್ತೆ!”

ಬಟ್ಟೆ ಒಣಹಾಕುತ್ತಿದ್ದ ಎದುರುಮನೆಯಾಕೆ ಕಿವಿ ನಿಮಿರಿಸಿದಳು. ಆ ಮನೆಯಲ್ಲಿದ್ದ ಮುದುಕರು ಒಬ್ಬರೇ: ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆ ಸೇರಿದ್ದ ಮಾವ. ಸುದ್ದಿ ಬೀದಿಯೆಲ್ಲ ಸುತ್ತಿ ಮಾವನ ಕಿವಿಗೂ ಬಿತ್ತು. ಅವರು ಗಡ್ಡ ಹೆರೆದುಕೊಂಡು ಶರ್ಟಿಗೆ ಇಸ್ತ್ರಿ ಹಾಕಲು ನಿಂತರು.

ಮೇಷ್ಟ್ರು ಊರಿನ ಗುಜರಿಯನ್ನೆಲ್ಲ ಜಾಲಾಡಿ, ಮೈಕೈ ಮಸಿ ಮಾಡಿಕೊಂಡು ಬರಿಗೈಲಿ ಬಂದಾಗ ಎದುರುಮನೆಯಾಕೆ ಗೇಟಿಗೇ ಓಡಿಬಂದಳು.

“ಮೇಷ್ಟ್ರೇ, ಹೆಣ್ಣು ಸಿಕ್ತು!”

“ಅಯ್ಯೋ, ನಿಮ್ಮ ಬಾಯಿಗೆ ಸಕ್ಕರೆ ಹಾಕ! ಎಲ್ಲಿ?”

“ಲೇತ್ ಅಂಗಡೀಲಿ. ಸಂಜೆ ಮನೆಗೇ ಬರುತ್ತೆ.”

“ಸವೆದಿಲ್ಲ ತಾನೆ?”

“ಥೂ, ಏನ್ ಮಾತೂಂತ ಆಡ್ತೀರಿ! ಸ್ವಲ್ಪ ಮಂಡಿನೋವು ಇದೆಯಂತೆ, ಅಷ್ಟೇ.”

ಈ ಕೊನೆಯ ಮಾತು ಮೇಷ್ಟ್ರಿಗೆ ಕೇಳಿಸಲೇ ಇಲ್ಲ. ಪುಣ್ಯಾತ್ಮ ಆಗಲೇ ಮೆಕ್ಯಾನಿಕ್ಕನ್ನು ಕರೆಯಲು ಓಡಿದ್ದರು.

ಸಂಜೆ ಆಟೋದಿಂದ ಇಳಿದದ್ದು ಹಿತ್ತಾಳೆ ಚೂರಲ್ಲ; ಲೇತ್ ಅಂಗಡಿ ನಡೆಸುವ, ನರೆಗೂದಲಿನ, ಗಟ್ಟಿ ದನಿಯ ಒಬ್ಬ ಹೆಂಗಸು. “ಎಲ್ಲಿ ಗಂಡು?” ಎಂದರು.

ಮೆಕ್ಯಾನಿಕ್ ಬಾನೆಟ್ಟಿನ ಕಡೆ ಕೈ ತೋರಿಸಿದ. ಇಸ್ತ್ರಿ ಶರ್ಟಿನ ಮಾವ ಬಾಗಿಲಲ್ಲಿ ಕೆಮ್ಮಿದರು.

“ರೀ! ನಮ್ಮಪ್ಪನಿಗೆ ಹೆಣ್ಣು ನೋಡಿ ಅಂತ ನಿಮಗೆ ಹೇಳಿದ್ಯಾರು?” ಹೆಂಡತಿ ಕೂಗಿದಳು.

ಮೇಷ್ಟ್ರು ತಡವರಿಸುತ್ತ ಸವೆದ ಚೂರನ್ನು ತೋರಿಸಿ ಎಲ್ಲ ಬಿಡಿಸಿ ಹೇಳಿದರು. ಬಂದಾಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಈ ಹೆಣ್ಣಾ? ಕೊಡಿ, ಇದೇ ಅಳತೆಗೆ ಕಡೆದು ತರ್ತೀನಿ.”

“ನಾನೂ ಬರ್ತೀನಿ, ದಾರಿ ತೋರಿಸೋಕೆ,” ಎಂದು ಮಾವ ಆಟೋ ಹತ್ತಿಯೇಬಿಟ್ಟರು. ಆಕೆಯ ಅಂಗಡಿಗೆ ಆಕೆಗೇ ದಾರಿ!

ಕತ್ತಲಾಗುವ ಮೊದಲೇ ಇಬ್ಬರೂ ಹೊಚ್ಚಹೊಸ ಹಿತ್ತಾಳೆ ಹೆಣ್ಣು ಹಿಡಿದು, ನಗುತ್ತ ವಾಪಸಾದರು. ಮೆಕ್ಯಾನಿಕ್ ಅದನ್ನು ಕೂರಿಸಿದ. ಮೇಷ್ಟ್ರು ಕಾರಿನ ಬಾಗಿಲು ತೆಗೆದರೆ, ಸ್ಟೀರಿಂಗ್ ಮುಂದೆ ಮಾವ! ಪಕ್ಕದಲ್ಲಿ ಆಕೆ.

“ಮಾವ, ನಾನು?”

“ನೀವು ತಳ್ಳಿ ಅಳಿಯಂದ್ರೇ. ಬ್ಯಾಟರಿ ವೀಕು.”

ತಳ್ಳಿದರು. ಮುದುಕ ಗುಡುಗಿತು, ಕೆಮ್ಮಿತು, ಓಡಿಯೇಬಿಟ್ಟಿತು! ಮೇಷ್ಟ್ರಿಗೆ ಖುಷಿಯಿಂದ ಕಣ್ಣು ತುಂಬಿ ಬಂತು. ಕಣ್ಣೊಳಗೆ ಹೊಗೆಯೂ ಸ್ವಲ್ಪ ಹೋಗಿತ್ತು ಅನ್ನಿ.

“ಓಡ್ತು ಕಣೇ! ಇನ್ನು ಗುಜರಿ ಮಾತೇ ಇಲ್ಲ!”

ತಿರುವಿನಲ್ಲಿ ಮಾವ ಕಿಟಕಿಯಿಂದ ತಲೆ ಹೊರಹಾಕಿದರು. “ಅಳಿಯಂದ್ರೇ, ಗಾಡಿ ಇನ್ಮೇಲೆ ಲೇತ್ ಅಂಗಡಿ ಹತ್ರಾನೇ ಇರ್ಲಿ! ನಾನು ದಿನಾ ಹೋಗಿ ನೋಡ್ಕೊಂಡು ಬರ್ತೀನಿ!”

ಮೇಷ್ಟ್ರು ಕಾರಿನ ಹಿಂದೆ ನಾಲ್ಕು ಹೆಜ್ಜೆ ಓಡಿದರು. ಹಿಂದಿನಿಂದ ಹೆಂಡತಿಯ ಲವಲವಿಕೆಯ ದನಿ ಕೇಳಿಸಿತು.

“ರೀ, ಬನ್ನಿ, ಈ ಹೊಲಿಗೆ ಮಷಿನ್ನಿಗೆ ಆ ಕಡೆ ಸ್ವಲ್ಪ ಕೈ ಕೊಡಿ.”